ಬಿತ್ತಿನ ಮುಡಿ ಯಾರ ಅಟ್ಟದಲ್ಲಿತ್ತು?

ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

ಈಗ ಪೇಟೆಯ ಕಡೆ ಒಂದು ಹೊಸ ಹುಮ್ಮಸ್ಸು ಶುರುವಾಗಿದೆ. ಯುದ್ಧ ಬರಲಿ, ನೆರೆ ಬರಲಿ, ಇನ್ನೊಂದು ಲಾಕ್‌ಡೌನ್ ಬರಲಿ, ಮನೆಯಲ್ಲಿ ಬೀಜ ಇರಬೇಕು, ವರ್ಷಗಟ್ಟಲೆ ಕೆಡದ ಹಾಗೆ ಇಡಬೇಕು ಅಂತ. ತುರ್ತು ಕಾಲಕ್ಕೆಂದು ಡಬ್ಬಿಯಲ್ಲಿ ತುಂಬಿದ ಬೀಜ ಮಾರಾಟಕ್ಕೂ ಸಿಗುತ್ತದೆ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ಮಲ್ಪೆ, ಕಾಪು, ಕಾರ್ಕಳದ ನಮ್ಮ ಕಾಲನಿಗಳಲ್ಲಿ ಕೂತು ಇದನ್ನು ಕೇಳುವಾಗ ನನಗೆ ಬೇರೆ ಪ್ರಶ್ನೆ ಬರುತ್ತದೆ. ಈ ಊರಿನ ಬೀಜವನ್ನು ತಲೆತಲಾಂತರ ಬಿತ್ತಿ, ಕೊಯ್ದು, ಬಡಿದು, ಒಣಗಿಸಿ, ಕಟ್ಟಿಟ್ಟ ಕೈ ಯಾರದ್ದು? ಕಟ್ಟಿಟ್ಟ ಮೇಲೆ ಅದು ಯಾರ ಅಟ್ಟ ಸೇರಿತು?

ಮೊದಲು ಬೀಜ ತಂದವರ ಕತೆ ನೋಡುವ.

ಉಡುಪಿಯಲ್ಲಿ ಯಾರನ್ನು ಕೇಳಿದರೂ ಮಟ್ಟು ಗುಳ್ಳದ ಕತೆ ಹೇಳುತ್ತಾರೆ. ಹದಿನಾರನೇ ಶತಮಾನದ ಸೋದೆ ಮಠದ ವಾದಿರಾಜ ಸ್ವಾಮಿಗಳು ಮಟ್ಟುವಿನ ಜನರಿಗೆ ಬೀಜ ಕೊಟ್ಟರು, ಅದರಿಂದ ಆ ಬದನೆ ಬಂತು ಅಂತ. 2011ರಲ್ಲಿ ಮಟ್ಟು ಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆಗಲೂ ಈ ಕತೆಯೇ ಎಲ್ಲ ಪತ್ರಿಕೆಗಳಲ್ಲಿ ಬಂತು. ಸರಿ, ಅದು ಅವರ ನಂಬಿಕೆ.

ಆದರೆ ತುಳುನಾಡಿನಲ್ಲಿ ಬೀಜದ ಇನ್ನೊಂದು ಕತೆ ಉಂಟು. ಕಾನದ-ಕಟದರ ಪಾಡ್ದನ. ಮನ್ಸ ಸಮುದಾಯದ ಈ ಇಬ್ಬರು ಅವಳಿ ವೀರರು ಘಟ್ಟದಿಂದ ಅತಿಕಾರೆ ಭತ್ತದ ಬಿತ್ತನ್ನು ತುಳುನಾಡಿಗೆ ತಂದವರು ಅಂತ ಪಾಡ್ದನ ಹೇಳುತ್ತದೆ. ಇವತ್ತಿಗೂ ಸತ್ಯಸಾರಮಾನಿಗಳೆಂದು ಅವರ ಆರಾಧನೆ ನಡೆಯುತ್ತದೆ. ಬದನೆ ಇಲ್ಲದಿದ್ದರೂ ಊಟ ಆಗುತ್ತದೆ ಮಾರಾಯ್ರೆ, ಅನ್ನ ಇಲ್ಲದಿದ್ದರೆ ಆಗುತ್ತದಾ? ಅನ್ನದ ಬೀಜ ತಂದವರು ನಮ್ಮವರು ಅಂತ ನಮ್ಮ ಹಿರಿಯರು ಹಾಡಿಟ್ಟು ಹೋಗಿದ್ದಾರೆ. ಆದರೆ ಯಾವ ಶಾಲೆಯ ಪಾಠದಲ್ಲಿ, ಯಾವ ಕೃಷಿ ಮೇಳದ ವೇದಿಕೆಯಲ್ಲಿ ಈ ಹೆಸರು ಕೇಳಿದ್ದೀರಿ? ಪಾಡ್ದನ ಚರಿತ್ರೆ ಅಲ್ಲ, ಬರೀ ಜಾನಪದ ಅಂತ ಹೇಳುವವರಿದ್ದಾರೆ. ಹಾಗಾದರೆ ಸ್ವಾಮಿಗಳು ಬೀಜ ಕೊಟ್ಟ ಕತೆಯೂ ಅದೇ ಕಪಾಟಿನಲ್ಲಿ ಕೂರಬೇಕಲ್ವಾ? ಒಂದು ಕತೆಗೆ ಮೊಹರು, ಇನ್ನೊಂದಕ್ಕೆ ಮೂಲೆ. ಇದು ಬೀಜದ ರಾಜಕೀಯ.

ಇನ್ನು ಬೀಜ ಕಾದವರ ಕತೆ.

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಇಂಥ ಊರಲ್ಲಿ ಬೀಜ ಉಳಿಸುವುದು ಸಣ್ಣ ವಿದ್ಯೆ ಅಲ್ಲ. ಅದಕ್ಕೆ ಇಲ್ಲಿನವರು ಕಂಡುಕೊಂಡದ್ದು ಮುಡಿ. ಬೈಹುಲ್ಲನ್ನು ಹರಡಿ, ನಡುವೆ ಅಕ್ಕಿ ಅಥವಾ ಬಿತ್ತಿನ ಭತ್ತ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ, ಮರದ ಕೊಡತಿಯಲ್ಲಿ ಬಡಿದು ಗುಂಡಗೆ ಮಾಡಿ ಕಟ್ಟುವುದು. ಒಂದು ಮುಡಿ ಅಂದರೆ ಮೂರು ಕಳಸೆ, 42 ಸೇರು. ಅಟ್ಟಕ್ಕೇರಿಸಿದರೆ ಕೆಳಗಿನ ಒಲೆಯ ಹೊಗೆ, ಬಿಸಿ ಅದಕ್ಕೆ ತಾಗುತ್ತಾ ಇರುತ್ತದೆ. ಹುಲ್ಲು ಉಸಿರಾಡುತ್ತದೆ, ಹೊಗೆ ಹುಳ ಓಡಿಸುತ್ತದೆ. ಫ್ರಿಜ್ಜಿಲ್ಲ, ಪ್ಲಾಸ್ಟಿಕ್ಕಿಲ್ಲ, ಆದರೂ ಬೀಜ ಮುಂದಿನ ಏಣೆಲಿಗೆ ಮೊಳಕೆ ಒಡೆಯುತ್ತಿತ್ತು.

ಆ ಮುಡಿ ಕಟ್ಟಿದ್ದು ಹೆಚ್ಚಾಗಿ ಆಳುಗಳ ಕೈ. ಭತ್ತ ಗೇರಿದ ತಡ್ಪೆ, ಹೊತ್ತ ಬುಟ್ಟಿ ಕೊರಗರು ಹೆಣೆದದ್ದು. ಅದೇ ಕೊರಗರಿಗೆ ಊರು ಏನು ಕೊಟ್ಟಿತು ನೋಡಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಪದ್ಧತಿ. ಇದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ ಕಾನೂನು ತಂದದ್ದು 2000ದಲ್ಲಿ. 1900 ಅಲ್ಲ, 2000. ಬೀಜ ಶುದ್ಧ ಮಾಡುವ ಸಾಧನ ಮಾಡಿಕೊಟ್ಟವರಿಗೆ ಅಶುದ್ಧ ಅನ್ನ.

ಹೊಲದ ಲೆಕ್ಕವೂ ಮುಡಿಯಲ್ಲೇ ಇತ್ತು. ಇದು ಇಷ್ಟು ಮುಡಿ ಬಿತ್ತುವ ಗದ್ದೆ, ಇದಕ್ಕೆ ಇಷ್ಟು ಮುಡಿ ಗೇಣಿ ಅಂತ. ಮೂಲಗೇಣಿ, ಚಾಲಗೇಣಿಯ ಒಕ್ಕಲು ಮುಡಿ ಹೊತ್ತು ಧಣಿಯ ಅಂಗಳಕ್ಕೆ ಹೋಗುತ್ತಿದ್ದ. ನಮ್ಮವರು ಹೆಚ್ಚಿನವರು ಒಕ್ಕಲೂ ಅಲ್ಲ, ಒಕ್ಕಲಿನ ಕೆಳಗಿನ ಆಳುಗಳು. 'ಮೂಲದ ಆಳು' ಅಂದರೆ ಗದ್ದೆಯ ಜೊತೆಗೇ ಕೈ ಬದಲಾಗುವ ಮನುಷ್ಯ. ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಈ ಸೀಮೆ ಸುತ್ತಲು ಕಳಿಸಿತು. 1801ರಲ್ಲಿ ಅವನು ಕೆನರಾದಲ್ಲಿದ್ದ, 1807ರಲ್ಲಿ ಅವನ ಪುಸ್ತಕ ಬಂತು. ಅದರಲ್ಲಿ ಭತ್ತದ ತಳಿ, ಗದ್ದೆಯ ಬಗೆ, ಗೇಣಿಯ ಜೊತೆ ಜೀತದ ಆಳಿಗೆ ದಿನಕ್ಕೆ ಅಳೆದು ಕೊಡುವ ಅಕ್ಕಿಯ ಲೆಕ್ಕವೂ ಉಂಟು. ಕೂಲಿ ಆಳಿಗಿಂತ ಜೀತದ ಆಳಿಗೆ ಕಡಿಮೆ, ಗಂಡಸಿಗಿಂತ ಹೆಂಗಸಿಗೆ ಕಡಿಮೆ. ಕಾಗದದ ಮೇಲೆ ಗುಲಾಮಗಿರಿ ಹೋದದ್ದು 1843ರ ಕಾಯಿದೆಯಿಂದ. ಜೀತ ನಿಷೇಧದ ಕಾನೂನು ಬರಲು 1976 ಆಗಬೇಕಾಯಿತು.

ಒಂದು ಮಾತು ಗಮನಿಸಿ. ಇದು ಅಕ್ಕಿ ಇಲ್ಲದ ಸೀಮೆ ಆಗಿರಲಿಲ್ಲ. ಪೋರ್ಚುಗೀಸರ ಗೋವಾ ನಮ್ಮ ಕೆನರಾದ ಅಕ್ಕಿ ತಿಂದು ಬದುಕಿತ್ತು. ಬಸ್ರೂರು, ಮಂಗಳೂರು ಬಂದರುಗಳಿಗಾಗಿ ಅವರು ಜಗಳಾಡಿದ್ದು ಸುಮ್ಮನೆ ಅಲ್ಲ. ಮಸ್ಕತ್ತಿಗೂ ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಸಮುದ್ರ ದಾಟಿ ಅಕ್ಕಿ ಹೋಗುವಷ್ಟು ಬೆಳೆದ ಸೀಮೆಯಲ್ಲಿ ಬೆಳೆದವನು ಆಟಿ ತಿಂಗಳಲ್ಲಿ ಗಂಜಿಗೆ ಪರದಾಡಿದ. ಹಾಗಾಗಿ ನಮ್ಮವರ ಹಸಿವಿಗೆ ಕಾರಣ ಬೆಳೆ ಇಲ್ಲದ್ದಲ್ಲ. ಅಟ್ಟ ನಮ್ಮದಲ್ಲದ್ದು.

ಮುಂದಾಲೋಚನೆ ಮಾಡಿ ದಾಸ್ತಾನು ಮಾಡುವುದು ಈ ಊರಿಗೆ ಹೊಸತೂ ಅಲ್ಲ. ಉಡುಪಿಯ ಪರ್ಯಾಯವನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ಮೊದಲೇ ನಾಲ್ಕು ಮುಹೂರ್ತ: ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಅಂದರೆ ಎರಡು ವರ್ಷದ ಊಟಕ್ಕೆ ಎಲೆ, ಅಕ್ಕಿ, ಸೌದೆ, ಭತ್ತ ಎಲ್ಲದಕ್ಕೂ ತಯಾರಿ. ಅನ್ನದ ಭದ್ರತೆಗೆ ಇದಕ್ಕಿಂತ ಅಚ್ಚುಕಟ್ಟಾದ ಯೋಜನೆ ಬೇಕಾ? ವಿದ್ಯೆ ಊರಲ್ಲಿತ್ತು. ನಮ್ಮ ಮನೆಗೆ ಅದರ ಮುಹೂರ್ತ ಯಾವತ್ತೂ ಬರಲಿಲ್ಲ ಅಷ್ಟೆ.

ಹಾಗಾದರೆ ನಮ್ಮ ಮನೆಗಳಲ್ಲಿ ಏನಿತ್ತು? ಖಾಲಿ ಇರಲಿಲ್ಲ. ಗೇಣಿಯ ಲೆಕ್ಕಕ್ಕೆ ಬಾರದ್ದೆಲ್ಲ ನಮ್ಮಲ್ಲಿತ್ತು. ಹಲಸಿನ ಬೀಜ ಉಪ್ಪುನೀರಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸಿದ ಸಾಂತಾಣಿ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಒಣಮೀನು. ಮಾಡಿನ ಪಕಾಸಿಗೆ ತೆಂಗಿನ ಗರಿಯಲ್ಲಿ ಕಟ್ಟಿ ತೂಗುಬಿಟ್ಟ ಸೌತೆ. ಒಲೆಯ ಮೇಲೆ ಕಪ್ಪಾಗಿ ತೂಗುವ ಹೀರೆ, ಸೋರೆಯ ಒಣಕಾಯಿ. ಅದರ ಬೀಜ ಅದರ ಹೊಟ್ಟೆಯೊಳಗೇ ಭದ್ರ. ಸೆಗಣಿ-ಬೂದಿಯಲ್ಲಿ ಕಲಸಿ ಗೋಡೆಗೆ ತಟ್ಟಿದ ಸೌತೆ ಬೀಜ. ಬೂದಿ ಬೆರೆಸಿದ ಹುರುಳಿ, ಅಲಸಂಡೆ. ಹಿತ್ತಲ ಮಣ್ಣಿನಲ್ಲೇ ಮಲಗಿದ ಕೆಸು, ಸುವರ್ಣಗಡ್ಡೆ. ಇದು ನಮ್ಮ ಬೀಜ ಭಂಡಾರ. ಇವತ್ತು ಆಟಿಯ ಕೂಟ ಅಂತ ಹೊಟೇಲು, ಸಭಾಭವನಗಳಲ್ಲಿ ಇದನ್ನೇ ಬಡಿಸುತ್ತಾರೆ, ಪತ್ರೊಡೆಯ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಾರೆ. ತಗಟೆ ಸೊಪ್ಪು ತಿಂದು ಆಟಿ ದಾಟಿದವರಿಗೆ ಅದು ಹಬ್ಬ ಆಗಿರಲಿಲ್ಲ.

ಭತ್ತದ ಬಿತ್ತು ಮಾತ್ರ ಸಿಗುತ್ತಿರಲಿಲ್ಲ. ಸಿಕ್ಕಿದರೆ ಹಕ್ಕಲು ಆಯ್ದದ್ದು, ಇಲಿ ಬಿಲ ಅಗೆದು ತೆಗೆದದ್ದು. ನಮ್ಮಜ್ಜಿ ಹೇಳುತ್ತಿದ್ದರು, ಕೊಯ್ಲಿನ ದಿನ ಸಂಜೆ ಧಣಿಯ ಅಂಗಳ ಬಿಡುವಾಗ ಸೀರೆಯ ನೆರಿಗೆ ಕೊಡವಿ ತೋರಿಸಿಯೇ ಹೊರಡಬೇಕಿತ್ತಂತೆ. ನಾಲ್ಕು ಕಾಳು ಬಿದ್ದರೂ ಅಷ್ಟೂ ಹೆಂಗಸರ ಮುಂದೆ ಬೈಗುಳ. ಆದರೂ ಕೆಲವರು ತುರುಬಿನಲ್ಲಿ ನಾಲ್ಕು ಕಾಳು ಸಿಕ್ಕಿಸಿಕೊಂಡು ಬರುತ್ತಿದ್ದರಂತೆ.

ಈ ತುರುಬಿನ ಮಾತು ನನ್ನನ್ನು ಬಹಳ ದೂರ ಕರೆದುಕೊಂಡು ಹೋಯಿತು. ಆಫ್ರಿಕಾದಿಂದ ಗುಲಾಮರನ್ನು ಹಡಗಿನಲ್ಲಿ ತುಂಬಿ ಅಮೆರಿಕ ಖಂಡಕ್ಕೆ ಸಾಗಿಸಿದರಲ್ಲ, ಅವರ ಮೊಮ್ಮಕ್ಕಳು ಸುರಿನಾಮ್, ಬ್ರೆಜಿಲ್ ಕಡೆ ಇವತ್ತಿಗೂ ಒಂದು ಕತೆ ಹೇಳುತ್ತಾರೆ. ನಮ್ಮ ಅಜ್ಜಿಯಂದಿರು ಭತ್ತದ ಕಾಳುಗಳನ್ನು ಕೂದಲಿನಲ್ಲಿ ಅಡಗಿಸಿ ತಂದರು, ಅದರಿಂದಲೇ ಇಲ್ಲಿ ಭತ್ತ ಬಂತು ಅಂತ. ಜ್ಯೂಡಿತ್ ಕಾರ್ನಿ ಎಂಬ ವಿದ್ವಾಂಸೆ 2001ರಲ್ಲಿ ಬರೆದ ಪುಸ್ತಕದಲ್ಲಿ, ಅಮೆರಿಕದ ಭತ್ತದ ಕೃಷಿಗೆ ಬೇಕಾದ ತಿಳಿವಳಿಕೆ ಆಫ್ರಿಕಾದವರದ್ದೇ ಅಂತ ವಾದಿಸಿದರು. ಅಲ್ಲಿಯೂ ಹೊಲದ ಒಡೆಯನ ಹೆಸರು ಇತಿಹಾಸದಲ್ಲಿ, ಬೀಜ ತಂದವಳ ಹೆಸರು ಹಾಡಿನಲ್ಲಿ. ಕಾನದ-ಕಟದರಿಗೆ ಆದದ್ದೂ ಇದೇ.

ಬೀಜ ಕಾಯುವುದು ಅಂದರೆ ಏನು ಅಂತ ಹೇಳುವ ಇನ್ನೊಂದು ಕತೆ ರಷ್ಯಾದ್ದು. ಲೆನಿನ್‌ಗ್ರಾಡ್ ನಗರವನ್ನು ಹಿಟ್ಲರನ ಸೈನ್ಯ 1941ರಿಂದ 1944ರವರೆಗೆ ಮುತ್ತಿಗೆ ಹಾಕಿತ್ತು. ಅಲ್ಲಿ ನಿಕೊಲಾಯ್ ವಾವಿಲೋವ್ ಲೋಕವೆಲ್ಲ ಸುತ್ತಿ ಕಟ್ಟಿದ ಬೀಜ ಸಂಗ್ರಹ ಇತ್ತು. ಅದನ್ನು ಕಾಯುತ್ತಿದ್ದ ವಿಜ್ಞಾನಿಗಳು ಹಸಿವಿನಿಂದ ಸತ್ತರು, ಕಾಳಿನ ಚೀಲ ಮುಟ್ಟಲಿಲ್ಲ. ಭತ್ತದ ಸಂಗ್ರಹ ನೋಡಿಕೊಳ್ಳುತ್ತಿದ್ದವರು ಭತ್ತದ ಪೊಟ್ಟಣಗಳ ನಡುವೆಯೇ ತೀರಿಕೊಂಡರು. ವಾವಿಲೋವ್ ಕೂಡ 1943ರಲ್ಲಿ ಸ್ಟಾಲಿನ್ನನ ಜೈಲಿನಲ್ಲಿ ಅನ್ನವಿಲ್ಲದೆ ಸತ್ತರು. ಅವರಿಗೆ ಕೈ ಮುಗಿಯುತ್ತೇನೆ. ಆದರೆ ಅವರ ಎದುರು ಬೀಜ ಇತ್ತು, ತಿನ್ನಬೇಕೋ ಉಳಿಸಬೇಕೋ ಅಂತ ತೀರ್ಮಾನ ಮಾಡುವ ಹಕ್ಕಿತ್ತು. ನಮ್ಮವರು ಬೀಜದ ನಡುವೆಯೇ ಹಸಿದರು, ಆ ತೀರ್ಮಾನ ಬೇರೆಯವರದ್ದಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ನಮ್ಮ ಜಿಲ್ಲೆಯಲ್ಲಿ ಅದು ನಿಜವಾಗಿಯೂ ನಡೆಯಿತು. ಸಾವಿರಾರು ಒಕ್ಕಲುಗಳು ಡಿಕ್ಲರೇಶನ್ ಹಾಕಿ ಭೂಮಿ ಪಡೆದರು, ಅವರ ಅಟ್ಟಕ್ಕೆ ಮುಡಿ ಬಂತು. ನಾನು ಇದನ್ನು ಸಣ್ಣ ಸಂಗತಿ ಅನ್ನುವುದಿಲ್ಲ. ಆದರೆ ಡಿಕ್ಲರೇಶನ್ ಹಾಕಲು ಗೇಣಿದಾರ ಆಗಿರಬೇಕು. ಕೂಲಿಯ ಆಳಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಉಳುವವನಿಗೆ ಹೊಲ ಸಿಕ್ಕಿತು, ನೇಜಿ ನೆಟ್ಟವಳಿಗೆ ಐದು ಸೆಂಟ್ಸ್ ಕಾಲನಿ ಸಿಕ್ಕಿತು. ಐದು ಸೆಂಟ್ಸಿನಲ್ಲಿ ಮನೆ, ಬಾವಿ, ಕಕ್ಕಸು ಹೋದ ಮೇಲೆ ಬಿತ್ತುವುದೆಲ್ಲಿ?

ನಾನು ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತ. ಹಳೆಯ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ಜೊತೆಗೆ ಒಂದು ಸತ್ಯವೂ ಇರುತ್ತದೆ. ನಮ್ಮ ಜಿಲ್ಲೆಗಳ ಭೂದಾಖಲೆಯಲ್ಲಿ 'ಡಿ.ಸಿ. ಮನ್ನಾ' ಅಂತ ಕಾಣುತ್ತದಲ್ಲ, ಅದರ ಅರ್ಥ ಡಿಪ್ರೆಸ್ಡ್ ಕ್ಲಾಸಸ್, ಅಂದರೆ ನಾವು. ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, ಬ್ರಿಟಿಷರ ಕಾಲದಲ್ಲಿ, ದಮನಿತ ವರ್ಗಕ್ಕೆಂದು ಕಾದಿರಿಸಿದ ಭೂಮಿ. ತಮಿಳುನಾಡಿನ ಪಂಚಮಿ ಭೂಮಿಯ ಹಾಗೆ. ಅದು ನಮ್ಮವರ ಕೈಗೆ ಪೂರ್ತಿ ಬರಲಿಲ್ಲ, ಅದಕ್ಕೇ ಇವತ್ತಿಗೂ ಹೋರಾಟ ನಡೆಯುತ್ತಿದೆ. ಕೊರಗರ ಬಗ್ಗೆ ಮಹಮ್ಮದ್ ಪೀರ್ ವರದಿ 1994ರಲ್ಲಿ ಬಂತು, ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಅಂತ ಹೇಳಿತು. ಆಗಸ್ಟ್ 18ಕ್ಕೆ ಕೊರಗರು ಭೂಮಿಹಬ್ಬ ಮಾಡುವಾಗ ಆ ಬೇಡಿಕೆ ಪ್ರತಿ ವರ್ಷ ಮತ್ತೆ ಕೇಳುತ್ತದೆ.

ಈಗ ರೇಷನ್ ಸಿಗುತ್ತದಲ್ಲ, ಬೀಜ ಯಾಕೆ ಅಂತ ಕೇಳಬಹುದು. ರೇಷನ್ ನಮ್ಮ ಹಕ್ಕು, ಅದನ್ನು ಒಂದು ಕಾಳೂ ಬಿಡಬಾರದು. 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದಾಗ ಆ ಅಕ್ಕಿಯೇ ಜೀವ ಉಳಿಸಿತು. ಆದರೆ 2023ರಲ್ಲಿ ಏನಾಯಿತು ನೆನಪಿದೆಯಾ? ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ರಾಜ್ಯ ಅಕ್ಕಿ ಕೇಳಿದಾಗ ಕೇಂದ್ರದ ಗೋದಾಮು ಕೊಡುವುದಿಲ್ಲ ಅಂದಿತು. ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂತು. ದುಡ್ಡು ಬಂದದ್ದು ಒಳ್ಳೆಯದೇ, ಆದರೆ ಗೋದಾಮಿನ ಬೀಗದ ಕೈ ದೆಹಲಿಯಲ್ಲಿದ್ದರೂ ಧಣಿಯ ಸೊಂಟದಲ್ಲಿದ್ದರೂ ನಮಗೆ ದೂರವೇ. ಅದಲ್ಲದೆ ನಾವು ಕುಚ್ಚಲಕ್ಕಿ ಉಣ್ಣುವ ಜನ, ಪಡಿತರದಲ್ಲಿ ಬರುವುದು ಹೆಚ್ಚಾಗಿ ಬೆಳ್ತಿಗೆ. ಯಾವ ಅನ್ನ ಉಣ್ಣಬೇಕು ಅನ್ನುವುದನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ.

ಇನ್ನು ಕದ್ದಳು ಅನ್ನುವ ಮಾತು. 2025ರ ಮಾರ್ಚ್‌ನಲ್ಲಿ ಇದೇ ಮಲ್ಪೆ ಬಂದರಿನಲ್ಲಿ ಮೀನು ಕದ್ದ ಆರೋಪ ಹೊರಿಸಿ ಒಬ್ಬ ದಲಿತ ಕಾರ್ಮಿಕ ಮಹಿಳೆಯನ್ನು ಮರಕ್ಕೆ ಕಟ್ಟಿ ಹೊಡೆದದ್ದನ್ನು ರಾಜ್ಯವೇ ನೋಡಿತು. ಸೀರೆಯ ನೆರಿಗೆ ಕೊಡವಿಸುವ ಕಣ್ಣು ಇನ್ನೂ ಮುಚ್ಚಿಲ್ಲ.

ಹಾಗಾಗಿ ಮನೆಯಲ್ಲಿ ಬೀಜ ಇಡುವುದು ನಮಗೆ ಹವ್ಯಾಸ ಅಲ್ಲ. ಆಗುತ್ತದಾ ಅಂತ ಅನುಮಾನ ಇದ್ದವರು ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಕಡೆ ನೋಡಿ. ಅಲ್ಲಿ 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಜೋಳ, ಸಜ್ಜೆ, ನವಣೆ, ತೊಗರಿಯ ಬೀಜಗಳನ್ನು ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಬೂದಿ, ಬೇವಿನೆಲೆ ಹಾಕಿ ಕಾಪಾಡಿದರು. ಪಾಳು ಬಿದ್ದ ಹೊಲ ಬಿತ್ತಿ, ತಮ್ಮದೇ ಜೋಳದ ಪಡಿತರ ವ್ಯವಸ್ಥೆ ನಡೆಸಿದರು. ಬೀಜಕ್ಕೆ ಕೈ ಚಾಚಿ ನಿಂತವರ ಮನೆ ಬಾಗಿಲಿಗೆ ಮೇಲ್ಜಾತಿಯ ರೈತರು ಬೀಜ ಕೇಳಿ ಬರುವ ಹಾಗಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂತು.

ಜಾಗ ಇಲ್ಲ ಅನ್ನುವವರಿಗೆ ನಮ್ಮ ಪಕ್ಕದ ಕಾಸರಗೋಡಿನ ಉದಾಹರಣೆ. ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಅಷ್ಟು ತಳಿ ಬೆಳೆಸಲು ಅವರು ಗದ್ದೆಯನ್ನಷ್ಟೇ ನಂಬಿ ಕೂರಲಿಲ್ಲ, ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಭತ್ತ ಬೆಳೆಸಿ ಬೀಜ ಉಳಿಸಿಕೊಂಡರು. ಚೀಲ ಇಡಲು ಐದು ಸೆಂಟ್ಸಿನ ಅಂಗಳದ ಅಂಚು ಸಾಕು.

ಈಗ ಕೆಲಸದ ಮಾತು.

ತಿನ್ನುವ ದಾಸ್ತಾನು ಬೇರೆ, ಬಿತ್ತುವ ಬೀಜ ಬೇರೆ. ಸಾಂತಾಣಿ ತಿನ್ನಲಿಕ್ಕೆ. ಹಲಸು, ಮಾವಿನ ಬೀಜ ಒಣಗಿದರೆ ಸತ್ತ ಹಾಗೆ, ಅವು ಡಬ್ಬಿಯಲ್ಲಿ ಉಳಿಯುವುದಿಲ್ಲ, ಮರದಲ್ಲೇ ಉಳಿಯಬೇಕು. ಗಡ್ಡೆಗಳು ಮಣ್ಣಿನಲ್ಲಿ ಉಳಿಯಬೇಕು. ಡಬ್ಬಿಗೆ ಹಾಕುವುದು ಭತ್ತ, ಹುರುಳಿ, ಅಲಸಂಡೆ, ಹರಿವೆ, ಬದನೆ, ಬೆಂಡೆ, ಸೌತೆ, ಹೀರೆ, ಸೋರೆ ಇಂಥವು. ಅಂಗಡಿಯ ಹೈಬ್ರಿಡ್ ಬೀಜ ಬೇಡ, ಅದರ ಮಗು ತಾಯಿಯ ಹಾಗೆ ಇರುವುದಿಲ್ಲ.

ಬೀಜದ ಶತ್ರು ನೀರು. ತೇವ ಒಂದು ಶೇಕಡಾ ಇಳಿದರೆ ಬೀಜದ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ. ಭತ್ತ 13 ಶೇಕಡಾಕ್ಕಿಂತ ಕೆಳಗೆ ಇಳಿಯಬೇಕು. ಯಂತ್ರ ಬೇಡ. ಒಣಗಿದ ಬಾಟಲಿಗೆ ಒಂದು ಹಿಡಿ ಕಾಳು, ಸ್ವಲ್ಪ ಒಣ ಉಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಒಂದು ಕಾಳು ಹಲ್ಲಲ್ಲಿ ಕಚ್ಚಿ ನೋಡಿ, ಕಟಕ್ ಅನ್ನಬೇಕು. ಈ ಕೆಲಸ ಮಳೆಗೆ ಮೊದಲೇ ಮುಗಿಯಬೇಕು. ಬಿಗಿ ಮುಚ್ಚಳದ ಡಬ್ಬಿಯ ತಳಕ್ಕೆ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ, ಒಳಗಿನ ತೇವ ಎಳೆದುಕೊಳ್ಳುತ್ತದೆ. ಕಾಳುಗಳಿಗೆ ಒಲೆಯ ಬೂದಿ, ಒಣಗಿದ ಲಕ್ಕಿ ಸೊಪ್ಪು. ಡಬ್ಬಿಯ ಮೇಲೆ ಬೀಜದ ಹೆಸರು, ತಿಂಗಳು, ಯಾರ ಮನೆಯದ್ದು ಅಂತ ಬರೆಯಿರಿ. ಯಾರ ಮನೆಯದ್ದು ಅಂತ ಬರೆಯುವುದನ್ನು ಮರೆಯಬೇಡಿ. ನಮ್ಮ ಹೆಸರು ಬಿಟ್ಟು ಬರೆದದ್ದು ಸಾಕು.

ವರ್ಷಕ್ಕೊಮ್ಮೆ ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಎಂಟು ಮೊಳೆತರೆ ಒಳ್ಳೆಯದು, ಐದಕ್ಕಿಳಿದರೆ ಆ ವರ್ಷವೇ ಬಿತ್ತಿ ಹೊಸ ಬೀಜ ಮಾಡಿ. ಇಪ್ಪತ್ತು ವರ್ಷ ಮುಟ್ಟದೆ ಇಡುವ ಬೀಜ ನಮ್ಮ ಹವೆಗೆ ಆಗುವ ಮಾತಲ್ಲ. ಸೌತೆ, ಬದನೆ ಚೆನ್ನಾಗಿ ಒಣಗಿಸಿಟ್ಟರೆ ಮೂರ್ನಾಲ್ಕು ವರ್ಷ, ಭತ್ತ ಒಂದೆರಡು ವರ್ಷ. ಬಿತ್ತುತ್ತಾ ಇದ್ದರೆ ಮಾತ್ರ ಬೀಜ ಉಳಿಯುತ್ತದೆ. ಇನ್ನೊಂದು, ಒಂದೇ ಬೀಜವನ್ನು ಮೂರು ಮನೆಯಲ್ಲಿ ಇಡಿ. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಉಡುಪಿಯ ಎಷ್ಟು ಮನೆಗಳಿಗೆ ನೀರು ನುಗ್ಗಿತು ನೆನಪಿದೆಯಲ್ಲ.

ಕಾನೂನೂ ನಮ್ಮ ಪರ ಉಂಟು. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಮು ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ರೈತರಿಗೆ ಕೊಡುತ್ತದೆ. ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಹಿಂದಿನ 2004ರ ಕೇಂದ್ರ ನಿಯಮಾವಳಿ ಪ್ರಕಾರ ಅದರ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರು, 18 ಶೇಕಡಾ ಪರಿಶಿಷ್ಟ ಜಾತಿ-ಪಂಗಡದವರು ಇರಬೇಕಿತ್ತು. ನಿಮ್ಮ ಪಂಚಾಯತಿನ ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ? ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ ಕೇಳಿ. ಊರಿನ ಜೀವವೈವಿಧ್ಯ ದಾಖಲೆಯಲ್ಲಿ ನಿಮ್ಮ ಮನೆಯ ಬೀಜದ ಹೆಸರು, ಸಾಂತಾಣಿ ಮಾಡಲು ಗೊತ್ತಿದ್ದ ಹಿರಿಯರ ಹೆಸರು ಬರೆಸಿ. ಅತಿಕಾರೆ ಭತ್ತದ ಮುಂದೆ ಕಾನದ-ಕಟದರ ಹೆಸರೂ ಬರಲಿ.

ಬೀಜ ಡಬ್ಬಿಯಲ್ಲೇ ಉಳಿದರೆ ಮೂರು ವರ್ಷಕ್ಕೆ ಸಾಯುತ್ತದೆ ಅಂದೆನಲ್ಲ, ಅದಕ್ಕೆ ಮಣ್ಣು ಬೇಕು. ಹಾಗಾಗಿ ಬೀಜದ ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಡಿ.ಸಿ. ಮನ್ನಾ ಜಾಗದ ಪ್ರಶ್ನೆಯಲ್ಲಿ. ಮುಂದಿನ ಸಲ ತಹಶೀಲ್ದಾರರ ಕಚೇರಿ ಎದುರು ಧರಣಿ ಕೂರುವಾಗ ಘೋಷಣೆಯ ಫಲಕದ ಜೊತೆ ಒಂದೊಂದು ಡಬ್ಬಿ ಬೀಜ ತನ್ನಿ. ಸಾಹೇಬರ ಮೇಜಿನ ಮೇಲೆ ಇಟ್ಟು ಕೇಳುವ: ಸರ್, ಇದನ್ನು ಎಲ್ಲಿ ಬಿತ್ತಲಿ?

ನಿಮ್ಮ ಮನೆಯಲ್ಲಿ ಯಾವ ಬೀಜ ಉಳಿದಿದೆ, ಅದು ಯಾರಿಂದ ಬಂತು ಅಂತ ಕೆಳಗೆ ಬರೆಯಿರಿ. ನಾನು ಪಟ್ಟಿ ಮಾಡುತ್ತಿದ್ದೇನೆ. ಪಟ್ಟಿ ಮಾಡುವುದು ಗುಮಾಸ್ತನಿಗೆ ಬರುತ್ತದೆ.

ಜೈ ಭೀಮ್.